ಗಾಂಧಿ ಹೆಸರಿನ ರಸ್ತೆ, ಬಿಯರಿನ ಬೀದಿ

ಪಾನನಿರೋಧವನ್ನು ಜೀವನದುದ್ದಕ್ಕೂ ಪ್ರತಿಪಾದಿಸಿದ ಮಹಾತ್ಮ ಗಾಂಧಿಯವರ ಹೆಸರು ಹೊತ್ತ ರಸ್ತೆಯೊಂದು ‘ಪಬ್ ನಗರಿ’ಯ ಹೆಬ್ಬಾಗಿಲು ಎನಿಸಿಕೊಂಡದ್ದು ಚರಿತ್ರೆಯ ತಮಾಷೆಗಳಲ್ಲೊಂದು. ಬೆಂಗಳೂರಿನ ಎಂ.ಜಿ. ರಸ್ತೆ, ಅದರ ಬೆನ್ನಿಗಿರುವ ಚರ್ಚ್ ಸ್ಟ್ರೀಟ್, ಅದನ್ನು ಅಡ್ಡ ಹಾಯುವ ಬ್ರಿಗೇಡ್ ರಸ್ತೆ ಇವು ಮೂರೂ ಸೇರಿ ಒಂದು ಕಾಲಕ್ಕೆ ನಗರದ ಷೋಕಿಗೆ ಇನ್ನೊಂದು ಹೆಸರಾಗಿದ್ದವು. ಊರಿನಿಂದ ನೆಂಟರು ಬಂದರೆ ಲಾಲ್‌ಬಾಗು, ವಿಧಾನಸೌಧದ ನಂತರ ತೋರಿಸಲೇಬೇಕಾದ ಜಾಗ ಇದಾಗಿತ್ತು. ಏನನ್ನೂ ಕೊಳ್ಳದೆ ಬರಿದೇ ಒಂದು ಸುತ್ತು ಹಾಕಿ ಬರುವುದಕ್ಕೂ ಜನ ಇಲ್ಲಿಗೆ ಬರುತ್ತಿದ್ದರು.

ಈ ತಮಾಷೆಗೆ ಇನ್ನೊಂದು ಮುಖವೂ ಇದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಇದೇ ರಸ್ತೆಯಲ್ಲಿ ‘ಫನೆಲ್ಸ್’ ಎಂಬ ಬಾರ್ ಮತ್ತು ಉಪಾಹಾರ ಗೃಹವಿತ್ತು. ಐರಿಷ್ ಒಡೆತನದಲ್ಲಿದ್ದ ಆ ಜಾಗವನ್ನು ಅಬಕಾರಿ ಉದ್ಯಮಿ ಕೆ.ಎನ್. ಗುರುಸ್ವಾಮಿ ಅವರು ಕೊಂಡರು. ಅಲ್ಲಿಂದಲೇ 1948ರ ಜೂನ್‌ನಲ್ಲಿ ‘ಡೆಕ್ಕನ್ ಹೆರಾಲ್ಡ್’, ಅಕ್ಟೋಬರ್‌ನಲ್ಲಿ ‘ಪ್ರಜಾವಾಣಿ’ ಹೊರಟವು. ಬಿಯರಿನ ಅಂಗಡಿ ಪತ್ರಿಕಾ ಕಚೇರಿಯಾಯಿತು. ಕನ್ನಡ ಅಷ್ಟಾಗಿ ಕಿವಿಗೆ ಬೀಳದಿದ್ದ ಬೀದಿಯಲ್ಲಿ ಕನ್ನಡದ ಅಚ್ಚುಮೊಳೆಗಳು ಬಂದು ಕುಳಿತವು. ಅದೇ ವರ್ಷ ‘ಸೌತ್ ಪರೇಡ್’ ಎಂಬ ಹಳೆಯ ಹೆಸರನ್ನು ಕಳಚಿ ರಸ್ತೆಗೆ ಮಹಾತ್ಮ ಗಾಂಧಿಯವರ ಹೆಸರನ್ನಿಡಲಾಯಿತು.

ಹೆಸರು ಬದಲಾದ ಮಾತ್ರಕ್ಕೆ ಬೀದಿ ಬದಲಾಗುವುದಿಲ್ಲ. ಬೀದಿಯನ್ನು ಮಾಡುವುದು ಅಂಗಡಿಗಳು, ಅವುಗಳನ್ನು ನಡೆಸುವ ಮನೆತನಗಳು, ಸಂಜೆ ಹೊತ್ತು ಅಲ್ಲಿ ಕೂಡುವ ಜನ. ಎಂ.ಜಿ. ರಸ್ತೆಯ ಬಗ್ಗೆ ಹಳಬರು ನೆನಪು ಮಾಡಿಕೊಳ್ಳುವಾಗ ಬರುವುದೂ ಇವೇ ಹೆಸರುಗಳು. ಆ ನೆನಪುಗಳ ಹಿಂದೆ ಒಂದು ಲೆಕ್ಕಾಚಾರವಿದೆ. ಅಂಗಡಿಗಳು ಏಕೆ ಇಲ್ಲಿಯೇ ಹುಟ್ಟಿದವು, ಪಬ್ಬುಗಳು ಏಕೆ ಇಲ್ಲಿಯೇ ಬೇರುಬಿಟ್ಟವು, ಎಷ್ಟೋ ದಶಕ ಬಾಳಿದ ಮಳಿಗೆಗಳು ಏಕೆ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿದವು ಎಂಬುದಕ್ಕೆಲ್ಲ ಕಾರಣಗಳುಂಟು.

ಒಂದೇ ಮಗ್ಗುಲಿನ ಬೀದಿ

ಶ್ರೀರಂಗಪಟ್ಟಣದ ಪತನವಾದದ್ದು 1799ರಲ್ಲಿ. ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೇನೆಯನ್ನು ಸೊಳ್ಳೆ ಮತ್ತು ಜ್ವರದ ಕಾಟ ಹಣ್ಣುಮಾಡಿತು. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಹವೆ ಅವರಿಗೆ ಒಗ್ಗಿತು. 1809ರಲ್ಲಿ ಮೈಸೂರು ಸಂಸ್ಥಾನದಿಂದ ಪಡೆದ ಜಾಗದಲ್ಲಿ ದಂಡು ಪ್ರದೇಶ ನೆಲೆಗೊಂಡಿತು. ಪಶ್ಚಿಮಕ್ಕೆ 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ, ಪೂರ್ವಕ್ಕೆ ಇಂಗ್ಲಿಷರ ದಂಡು. 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕು ಎರಡಕ್ಕೂ ನಡುವಿನ ಹಸಿರು ಬೇಲಿಯಂತಾಯಿತು.

ಎರಡು ಊರುಗಳ ಸ್ವಭಾವ ಅವುಗಳ ಬೀದಿಗಳ ಹೆಸರಿನಲ್ಲೇ ತಿಳಿಯುತ್ತದೆ. ಪೇಟೆಯಲ್ಲಿ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ. ಏನು ಮಾರುತ್ತಾರೋ ಅದೇ ಬೀದಿಯ ಹೆಸರು. ದಂಡಿನಲ್ಲಿ ಬ್ರಿಗೇಡ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ಕ್ಯಾವಲ್ರಿ ರಸ್ತೆ. ಯಾವ ಪಡೆ ಎಲ್ಲಿತ್ತೋ ಅದರ ಹೆಸರು. ಸೈನಿಕರು ಕವಾಯತು ಮಾಡುತ್ತಿದ್ದ ವಿಶಾಲ ಮೈದಾನದ ದಕ್ಷಿಣ ಅಂಚಿನ ರಸ್ತೆಯೇ ಸೌತ್ ಪರೇಡ್. ಆ ಮೈದಾನಕ್ಕೆ ಇಂದು ಫೀಲ್ಡ್ ಮಾರ್ಷಲ್ ಮಾಣೆಕ್ ಶಾ ಅವರ ಹೆಸರಿದ್ದು, ರಾಜ್ಯದ ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನದ ಕವಾಯತು ಅಲ್ಲಿಯೇ ನಡೆಯುತ್ತದೆ.

ಸೌತ್ ಪರೇಡಿನ ಗುಣವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ. ಉತ್ತರಕ್ಕೆ ಮೈದಾನವಿದ್ದುದರಿಂದ ಅಂಗಡಿಗಳು ಎದ್ದದ್ದು ಮುಖ್ಯವಾಗಿ ದಕ್ಷಿಣ ಮಗ್ಗುಲಿನಲ್ಲಿ ಮಾತ್ರ. ಇನ್ನೊಂದು ಮಗ್ಗುಲಿನಲ್ಲಿ ಮರಗಳ ಸಾಲು, ಕಾಗದದ ಹೂವಿನ ಬಳ್ಳಿಗಳು, ನಡೆದಾಡುವ ಹಾದಿ, ಅದರಾಚೆ ಬಯಲು. ಪೇಟೆಯ ಬೀದಿಗಳಲ್ಲಿ ಎರಡೂ ಕಡೆ ಅಂಗಡಿ, ನಡುವೆ ಇಕ್ಕಟ್ಟು. ಇಲ್ಲಿ ಒಂದು ಕಡೆ ಗಾಜಿನ ಷೋಕೇಸು, ಇನ್ನೊಂದು ಕಡೆ ಆಕಾಶ. ಕೊಳ್ಳದೆಯೂ ಸುತ್ತಾಡಬಹುದಾದ ಬೀದಿ ಎಂಬ ಕೀರ್ತಿ ಎಂ.ಜಿ. ರಸ್ತೆಗೆ ಬರಲು ಈ ಒಂಟಿ ಮಗ್ಗುಲೇ ಕಾರಣ.

ರಸ್ತೆಯ ಎರಡೂ ತುದಿಗೆ ಒಂದೊಂದು ಇಗರ್ಜಿ. ಪಶ್ಚಿಮಕ್ಕೆ 1812ರಲ್ಲಿ ಪೂರ್ಣಗೊಂಡ ಸೇಂಟ್ ಮಾರ್ಕ್ಸ್, ಪೂರ್ವಕ್ಕೆ 1850ರ ದಶಕದ ಆರಂಭದಲ್ಲಿ ಎದ್ದ ಟ್ರಿನಿಟಿ. ಹಿಂದಿನ ಬೀದಿ ಚರ್ಚ್ ಸ್ಟ್ರೀಟ್, ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ್ದು. ಪಕ್ಕದಲ್ಲೇ ಮ್ಯೂಸಿಯಂ ರಸ್ತೆ. ಇಂದು ಅಲ್ಲಿ ವಸ್ತುಸಂಗ್ರಹಾಲಯವೇನೂ ಇಲ್ಲ. 1865ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯ ಮೊದಲಿಗೆ ಇದ್ದದ್ದು ಅಲ್ಲಿ. 1877ರಲ್ಲಿ ಅದು ಕಬ್ಬನ್ ಪಾರ್ಕಿನ ಅಂಚಿಗೆ ಹೋಯಿತು, ಹೆಸರು ಮಾತ್ರ ಉಳಿಯಿತು.

ಚೀಟಿ ವ್ಯಾಪಾರ

1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿ ಬಂದರೂ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಕಬ್ಬನ್ ಪಾರ್ಕು ದಾಟಿದರೆ ಬೇರೆ ಆಡಳಿತ, ಬೇರೆ ಪೊಲೀಸು, ಬೇರೆ ಪುರಸಭೆ. ಎರಡೂ ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಹೀಗಾಗಿ ಸೌತ್ ಪರೇಡಿನ ಅಂಗಡಿಗಳಿಗೆ ಗಿರಾಕಿಗಳೆಂದರೆ ಸೇನಾಧಿಕಾರಿಗಳು, ಅವರ ಮಡದಿಯರು, ರೆಸಿಡೆಂಟರ ಕಚೇರಿಯವರು, ಆಂಗ್ಲೋ-ಇಂಡಿಯನ್ ಕುಟುಂಬಗಳು. ಅವರಿಗೆ ಬೇಕಾದದ್ದು ಬೂಟು, ಕೇಕು, ಕುದುರೆ ಜೀನು, ಇಂಗ್ಲಿಷ್ ಪುಸ್ತಕ, ಫೋಟೊ, ಸಂಜೆಗೆ ಗುಂಡು.

ವ್ಯಾಪಾರದ ರೀತಿಯೂ ಬೇರೆ. ಬ್ರಿಟಿಷ್ ಭಾರತದ ಸಾಹೇಬರು ಜೇಬಿನಲ್ಲಿ ಹಣವಿಟ್ಟುಕೊಂಡು ತಿರುಗುತ್ತಿದ್ದುದು ಕಡಿಮೆ. ಬೇಕಾದ ಸಾಮಾನನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿ ಜವಾನನ ಕೈಲಿ ಕಳಿಸಿದರೆ ಸಾಮಾನು ಮನೆಗೆ ಬರುತ್ತಿತ್ತು, ಲೆಕ್ಕ ತಿಂಗಳ ಕೊನೆಗೆ. ನಮ್ಮ ‘ಚೀಟಿ’ ಇಂಗ್ಲಿಷಿಗೆ ಹೋಗಿ ‘ಚಿಟ್’ ಆದದ್ದು ಇಂಥ ವ್ಯವಹಾರದಿಂದಲೇ. ಲೆಕ್ಕ ಬಾಕಿ ಉಳಿಸಿ ಹೋದವರಲ್ಲಿ ಪ್ರಸಿದ್ಧರಾದವರೂ ಉಂಟು. 1896ರಿಂದ ಬೆಂಗಳೂರಿನಲ್ಲಿದ್ದ ಹುಸಾರ್ ಪಡೆಯ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಹೆಸರಿನಲ್ಲಿ 13 ರೂಪಾಯಿ ಬಾಕಿ ಇರುವುದು ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನ 1899ರ ದಾಖಲೆಯಲ್ಲಿದೆ. ಕ್ಲಬ್ಬು ಆ ಪುಟವನ್ನು ಹೆಮ್ಮೆಯಿಂದ ಕಾಪಾಡಿಕೊಂಡು ಬಂದಿದೆ. ಸಾಲ ತೀರಿಸಿದ್ದರೆ ಇಷ್ಟು ಪ್ರಚಾರ ಸಿಗುತ್ತಿರಲಿಲ್ಲ!

ಗಿರಾಕಿಗಳು ಇಂಗ್ಲಿಷರಾದರೂ ಬೀದಿಯನ್ನು ಕಟ್ಟಿದವರು ಬೇರೆಯವರು. ಸೇನೆಯ ಬೆನ್ನಿಗೆ ಮದರಾಸು ಕಡೆಯಿಂದ ತಮಿಳರು ಬಂದರು. ಅವರು ಗುತ್ತಿಗೆದಾರರು, ಗಾರೆ ಕೆಲಸದವರು, ಬಟ್ಲರುಗಳು, ಗುಮಾಸ್ತರು. ಅಟ್ಟಾರ ಕಚೇರಿಯ ನಿರ್ಮಾಣದ ಗುತ್ತಿಗೆ ಹಿಡಿದಿದ್ದ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು ಅಂಥವರಲ್ಲಿ ಹೆಸರುವಾಸಿ. 1873ರಲ್ಲಿ ಅವರು ಬಡ ಮಕ್ಕಳಿಗಾಗಿ ತೆರೆದ ಶಾಲೆ ಆರ್‌ಬಿಎಎನ್‌ಎಂ ಹೆಸರಿನಲ್ಲಿ ಇಂದಿಗೂ ಪರಿಚಿತ. ಬಟ್ಟೆ ವ್ಯಾಪಾರಕ್ಕೆ ಕಛ್ ಕಡೆಯ ಮೇಮನರು, ಬೂಟು ಹೊಲಿಯಲು ಚೀನೀಯರು, ದೇಶ ವಿಭಜನೆಯ ನಂತರ ಎಲ್ಲವನ್ನೂ ಬಿಟ್ಟು ಬಂದ ಸಿಂಧಿಗಳು, ಬೇಕರಿಗೆ ಮಲಯಾಳಿಗಳು, ಪುಸ್ತಕ ಮತ್ತು ಹೋಟೆಲಿಗೆ ಕರಾವಳಿಯವರು. ಹೀಗೆ ಎಲ್ಲೆಲ್ಲಿಂದಲೋ ಬಂದ ಮನೆತನಗಳು ಒಂದೇ ಸಾಲಿನಲ್ಲಿ ಅಂಗಡಿ ಇಟ್ಟವು.

ಮಳಿಗೆಯೆಂದರೆ ಮನೆತನ

ಮದರಾಸಿನಲ್ಲಿ 1844ರಲ್ಲಿ ಹುಟ್ಟಿದ ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿ 1905ರಲ್ಲಿ ಸೌತ್ ಪರೇಡಿನಲ್ಲಿ ಶಾಖೆ ತೆರೆಯಿತು. ಅದೇ 1905ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಮುತ್ತುಸ್ವಾಮಿ ಮುದಲಿಯಾರ್ ಎಂಬುವರು ಬೆಣ್ಣೆಯ ವ್ಯಾಪಾರ ಹಿಡಿದರು. ಅವರು ಅದಕ್ಕೂ ಮೊದಲು ಬೆಟ್ಟದ ಮೇಲಿನ ಬ್ರಿಟಿಷರ ಟಪಾಲನ್ನು ಕೆಳಗಿನ ಊರಿಗೆ ಒಯ್ಯುತ್ತಿದ್ದವರು. ಅವರ ಕುಟುಂಬ 1936ರಲ್ಲಿ ಬ್ರಿಗೇಡ್ ರಸ್ತೆಗೆ ಬಂದು ತೆರೆದ ಅಂಗಡಿಯೇ ‘ನೀಲಗಿರೀಸ್’. ಬೆಣ್ಣೆ, ಬ್ರೆಡ್ಡು, ಕೇಕು ಎಂದರೆ ನೀಲಗಿರೀಸ್ ಎನ್ನುವಷ್ಟು ಅದರ ಹೆಸರು ಬೆಳೆಯಿತು. ಬುಟ್ಟಿ ಹಿಡಿದು ತಾವೇ ಸಾಮಾನು ಆಯ್ದುಕೊಳ್ಳುವ ಪದ್ಧತಿಯನ್ನು ಬೆಂಗಳೂರಿನ ಎಷ್ಟೋ ಮನೆಯವರು ಮೊದಲು ಕಂಡದ್ದು ಅಲ್ಲಿ. 1970ರ ದಶಕದಲ್ಲಿ ಆರಂಭವಾದ ಕ್ರಿಸ್ಮಸ್ ಕೇಕ್ ಪ್ರದರ್ಶನಕ್ಕೆ ಸಾಲುಗಟ್ಟಿ ನಿಂತವರಲ್ಲಿ ಮೊಟ್ಟೆಯನ್ನೇ ಮುಟ್ಟದ ಮನೆಗಳ ಮಕ್ಕಳೂ ಇರುತ್ತಿದ್ದರು. ಸಕ್ಕರೆಯಲ್ಲಿ ಕಟ್ಟಿದ ಅರಮನೆಯನ್ನು ನೋಡುವುದಕ್ಕೆ ಮಡಿಯೇನೂ ಅಡ್ಡಿಯಾಗಲಿಲ್ಲ.

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶಿಸ್ ಕಥೆಯೂ ಒಂದು ಕುಟುಂಬದ್ದೇ. ಕೇರಳ ಮೂಲದ ಪಿ.ಒ. ಕೋಶಿ ಅವರು 1940ರಲ್ಲಿ ಬೇಕರಿ ಆರಂಭಿಸಿದರು. 1952ರಲ್ಲಿ ಅದು ಉಪಾಹಾರ ಗೃಹವೂ ಆಯಿತು. ‘ಪರೇಡ್ ಕೆಫೆ’ ಎಂಬ ಹೆಸರಿನಲ್ಲೇ ಹಳೆಯ ಕವಾಯತು ಮೈದಾನದ ನೆನಪಿದೆ. ಒಂದು ಕಾಫಿ ಹಿಡಿದು ಅರ್ಧ ದಿನ ಕೂತರೂ ‘ಏಳಿ’ ಎನ್ನದ ಜಾಗ ಎಂಬುದೇ ಅದರ ಹೆಗ್ಗಳಿಕೆ. ಪತ್ರಕರ್ತರು, ವಕೀಲರು, ನಾಟಕದವರು, ನಿವೃತ್ತ ಸೇನಾಧಿಕಾರಿಗಳು ತಂತಮ್ಮ ಮೇಜುಗಳನ್ನು ಗುರುತುಮಾಡಿಕೊಂಡಿದ್ದರು.

ಪುಸ್ತಕದ ಲೋಕಕ್ಕೆ ಬಂದರೆ ಎರಡು ಹೆಸರು ಮೊದಲಿಗೆ ಬರುತ್ತವೆ. ಕೆ.ಬಿ.ಕೆ. ರಾವ್ ಎಂಬ ವಕೀಲರು 1945ರಲ್ಲಿ ಆರಂಭಿಸಿದ ‘ಸೆಲೆಕ್ಟ್’ ಹಳೆಯ, ಅಪರೂಪದ ಪುಸ್ತಕಗಳ ಅಂಗಡಿ. ಎಂಜಿನಿಯರಾಗಿದ್ದ ಅವರ ಮಗ ಕೆ.ಕೆ.ಎಸ್. ಮೂರ್ತಿ ನೌಕರಿ ಬಿಟ್ಟ ಮೇಲೆ ಬ್ರಿಗೇಡ್ ರಸ್ತೆಯ ಅಡ್ಡಬೀದಿಯಲ್ಲಿ ಅದನ್ನು ಮುಂದುವರಿಸಿದರು. ಇನ್ನೊಂದು, ಟಿ.ಎಸ್. ಶಾನಭಾಗ್ ಅವರು 1971ರಲ್ಲಿ ತೆರೆದ ‘ಪ್ರೀಮಿಯರ್ ಬುಕ್ ಶಾಪ್’. ಮುಂಬೈಯ ಸ್ಟ್ರಾಂಡ್ ಬುಕ್ ಸ್ಟಾಲಿನ ಟಿ.ಎನ್. ಶಾನಭಾಗರ ಬಂಧುವಾದ ಇವರು ವ್ಯಾಪಾರದ ಗುಟ್ಟನ್ನು ಬಲ್ಲವರು. ಗೂಡಿನಂಥ ಮಳಿಗೆ, ನೆಲದಿಂದ ಸೂರಿನವರೆಗೆ ಪುಸ್ತಕಗಳ ರಾಶಿ. ಅಡಿಯಿಂದ ಒಂದನ್ನು ಎಳೆದರೆ ರಾಶಿಯೆಲ್ಲ ಮೈಮೇಲೆ ಬೀಳುತ್ತದೆಂಬ ಭಯ. ಹೊಸಬರಿಗೆ ಗೋಜಲೆನಿಸುವ ಆ ರಾಶಿಯಲ್ಲಿ ಯಾವ ಪುಸ್ತಕ ಎಲ್ಲಿದೆಯೆಂಬುದು ಶಾನಭಾಗರಿಗೆ ಗೊತ್ತಿರುತ್ತಿತ್ತು. ಕೇಳದಿದ್ದರೂ ರಿಯಾಯಿತಿ ಕೊಡುತ್ತಿದ್ದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರಂಥ ಓದುಗರು ಈ ಅಂಗಡಿಯ ಋಣವನ್ನು ಬರಹದಲ್ಲಿ ನೆನೆದಿದ್ದಾರೆ.

ಈ ಬೀದಿಯ ಇಂಗ್ಲಿಷ್ ಮುಖದ ಹಿಂದೆ ಒಂದು ನೋವೂ ಇದೆ. ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಶಾಲೆಗಳಲ್ಲಿ ದುಡಿಯುತ್ತಿದ್ದ ಆಂಗ್ಲೋ-ಇಂಡಿಯನ್ನರಲ್ಲಿ ಹಲವರು 1947ರ ನಂತರದ ದಶಕಗಳಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಹೊರಟುಹೋದರು. ಆಳಿದವರಿಗೂ ಪೂರ್ತಿ ಸೇರದ, ಆಳಿಸಿಕೊಂಡವರಿಗೂ ಪೂರ್ತಿ ಸೇರದ ಆ ಸಮುದಾಯಕ್ಕೆ ಈ ಬೀದಿಯೇ ಊರಾಗಿತ್ತು. ಅವರು ಬಿಟ್ಟುಹೋದ ಪ್ಲಮ್ ಕೇಕು, ವರ್ಷದ ಕೊನೆಯ ರಾತ್ರಿಯ ಸಂಭ್ರಮ, ಗಿಟಾರಿನ ಹಾಡು ಮಾತ್ರ ಎಲ್ಲರ ಸೊತ್ತಾದವು.

ಕಾಫಿಯ ಮೇಜು

ಎಂ.ಜಿ. ರಸ್ತೆ ಶ್ರೀಮಂತರಿಗಷ್ಟೇ ಎಂಬ ಅಳುಕನ್ನು ಹೋಗಲಾಡಿಸಿದ ಜಾಗ ಇಂಡಿಯಾ ಕಾಫಿ ಹೌಸ್. ದೇಶದೊಳಗೆ ಕಾಫಿ ಕುಡಿಯುವವರು ಹೆಚ್ಚಲಿ ಎಂದು ಹಿಂದೆ ಕಾಫಿ ಮಂಡಳಿಯೇ ಕಾಫಿ ಹೌಸುಗಳನ್ನು ನಡೆಸುತ್ತಿತ್ತು. 1950ರ ದಶಕದಲ್ಲಿ ಅವನ್ನು ಮುಚ್ಚಲು ಹೊರಟಾಗ ನೂರಾರು ನೌಕರರು ಬೀದಿಗೆ ಬೀಳುವ ಸ್ಥಿತಿ ಬಂತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ನೌಕರರು ಸಹಕಾರ ಸಂಘ ಕಟ್ಟಿಕೊಂಡು ತಾವೇ ಕಾಫಿ ಹೌಸುಗಳನ್ನು ನಡೆಸತೊಡಗಿದರು. ಅಂಥ ಮೊದಲ ಸಂಘ ರಚನೆಯಾದದ್ದು ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು.

ಬಿಳಿ ಉಡುಪು, ಅಗಲ ಪಟ್ಟಿ, ತುರಾಯಿ ರುಮಾಲಿನ ಪರಿಚಾರಕ ಮಹಾರಾಜನಂತೆ ಕಾಣುತ್ತಿದ್ದ, ಬಿಲ್ಲು ಮಾತ್ರ ಬಡವನಂತಿರುತ್ತಿತ್ತು. ವಿಶೇಷವೆಂದರೆ ಆತ ಸಂಘದ ಸದಸ್ಯ, ಅಂದರೆ ಅಂಗಡಿಯ ಪಾಲುದಾರ. ದೇಶದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಚಿಕ್ಕಮಗಳೂರು, ಕೊಡಗಿನ ಬೀಜಕ್ಕೂ ರಾಜಧಾನಿಯ ಕಾಲೇಜು ಹುಡುಗರ ಹರಟೆಗೂ ಇಲ್ಲಿ ನೇರ ನಂಟು ಬೆಳೆಯಿತು. ಬಸವನಗುಡಿ, ಮಲ್ಲೇಶ್ವರದಿಂದ ಸಿಟಿ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರು ಪ್ಲಾಜಾದಲ್ಲಿ ಇಂಗ್ಲಿಷ್ ಚಿತ್ರ ನೋಡಿ, ಕಾಫಿ ಹೌಸಿನಲ್ಲಿ ಒಂದು ಕಾಫಿ ಕುಡಿದು, ಹಿಗ್ಗಿನ್‌ಬಾಥಮ್ಸ್‌ನಲ್ಲಿ ಪುಸ್ತಕ ತಿರುವಿಹಾಕಿ, ಕತ್ತಲಾಗುವ ಮುನ್ನ ಮನೆ ಸೇರುತ್ತಿದ್ದರು. ಪೇಟೆಯ ಕನ್ನಡಿಗರು ದಂಡನ್ನು ತಮ್ಮದಾಗಿಸಿಕೊಂಡದ್ದು ಹೀಗೆ, ಒಂದೊಂದೇ ಸಂಜೆಯಾಗಿ.

ಪೀಪಾಯಿಯಿಂದ ಪಬ್ಬಿಗೆ

ಪಬ್ಬುಗಳು ಆಕಾಶದಿಂದ ಉದುರಲಿಲ್ಲ. ದಂಡಿದ್ದಲ್ಲಿ ಬಿಯರ್ ಇರಲೇಬೇಕು. ಬೆಂಗಳೂರಿನಲ್ಲಿ 1885ರಷ್ಟು ಹಿಂದೆಯೇ ಬಿಯರ್ ಕಾರ್ಖಾನೆ ಇತ್ತು. ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿ ಸೈನಿಕರಿಗೆ ಒದಗಿಸುತ್ತಿದ್ದರು. 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣದ ಐದು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. 1947ರಲ್ಲಿ ಬಂಟ್ವಾಳ ಮೂಲದ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಹಳೆಯ ಬಿಯರ್ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ಇದೆ. ಅದರ ಮುಂದಿನ ರಸ್ತೆಗೆ ವಿಠಲ್ ಮಲ್ಯರ ಹೆಸರಿದೆ.

ಹೀಗೆ ಬಿಯರ್ ಇಲ್ಲಿಯೇ ತಯಾರಾಗುತ್ತಿತ್ತು. ಹವೆ ತಂಪು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಮುಂತಾದ ಸಾರ್ವಜನಿಕ ಉದ್ಯಮಗಳಿಂದಾಗಿ ದೇಶದ ನಾನಾ ಕಡೆಯ ಸಂಬಳದಾರರು ಬಂದಿದ್ದರು. ಕಾಲೇಜುಗಳಿಂದಾಗಿ ಯುವಜನರು ಸೇರಿದ್ದರು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂದು ಕಂಪ್ಯೂಟರ್ ಯುಗಕ್ಕೆ ನಾಂದಿ ಹಾಡಿತು. ಸಂಬಳ ಕೈಗೆ ಬಂದ, ಮನೆಯ ಹಿರಿಯರಿಂದ ದೂರವಿದ್ದ ಇಪ್ಪತ್ತೈದರ ತರುಣ ತರುಣಿಯರು ಸಂಜೆ ಎಲ್ಲಿ ಕೂಡಬೇಕು? ಅದೇ ಸುಮಾರಿಗೆ, 1980ರ ದಶಕದ ಮಧ್ಯಭಾಗದಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ ‘ರಮಡಾ’ ತೆರೆಯಿತು. ಬೆಂಗಳೂರಿನ ಮೊದಲ ಪಬ್ ಎಂದು ಅದು ಹೆಸರಾಗಿದೆ.

ಬಾರಿಗೂ ಪಬ್ಬಿಗೂ ಏನು ವ್ಯತ್ಯಾಸ? ಅಂದಿನ ಬಾರುಗಳೆಂದರೆ ಮಬ್ಬು ಬೆಳಕು, ಬಾಗಿಲಿಗೆ ಪರದೆ, ಯಾರೂ ಗುರುತು ಹಿಡಿಯದಿರಲಿ ಎಂದು ಗೋಡೆಗೆ ಮುಖ ಮಾಡಿ ಕೂರುವ ಗಂಡಸರು. ಮನೆಯವರೊಂದಿಗೆ ಬಂದರೆ ಪ್ರತ್ಯೇಕ ‘ಫ್ಯಾಮಿಲಿ ರೂಂ’. ಪಬ್ಬು ಇದನ್ನು ತಲೆಕೆಳಗು ಮಾಡಿತು. ಸೀಸೆಯ ಬದಲು ಪೀಪಾಯಿಯಿಂದ ನಲ್ಲಿಯಲ್ಲಿ ಇಳಿಯುವ ಬಿಯರು, ಮಗ್ಗಿನ ಲೆಕ್ಕದಲ್ಲೋ ಜಗ್ಗಿನ ಲೆಕ್ಕದಲ್ಲೋ ಅಗ್ಗದ ದರ, ಜೋರಾದ ರಾಕ್ ಸಂಗೀತ, ಗೆಳೆಯರ ಗುಂಪು. ಎಲ್ಲಕ್ಕಿಂತ ಮುಖ್ಯವಾಗಿ, ಹೆಣ್ಣುಮಕ್ಕಳೂ ಬಂದು ಅದೇ ಮೇಜಿಗೆ ಕೂತರು.

ಒಂದರ ಹಿಂದೊಂದು ಪಬ್ಬುಗಳು ಬಂದವು. ಪ್ರತಿಯೊಂದಕ್ಕೂ ಒಂದು ವೇಷ. ಚರ್ಚ್ ಸ್ಟ್ರೀಟಿನ ‘ನಾಸಾ’ದ ಒಳಗೆ ಹೋದರೆ ಬಾಹ್ಯಾಕಾಶ ನೌಕೆಯಲ್ಲಿ ಕೂತ ಹಾಗೆ. ‘ಅಂಡರ್‌ಗ್ರೌಂಡ್’ ಲಂಡನ್ನಿನ ನೆಲದಡಿಯ ರೈಲಿನ ಹಾಗೆ. ರೆಸಿಡೆನ್ಸಿ ರಸ್ತೆಯಲ್ಲಿ ‘ಪಬ್ ವರ್ಲ್ಡ್’, ‘ಬ್ಲ್ಯಾಕ್ ಕ್ಯಾಡಿಲಾಕ್’. ರೆಸ್ಟ್ ಹೌಸ್ ರಸ್ತೆಯಲ್ಲಿ ಹಳೆಯ ರಾಕ್ ಹಾಡುಗಳಿಗೇ ಹೆಸರಾದ ‘ಪೆಕೋಸ್’. ಇವುಗಳಲ್ಲಿ ಹಲವು ಈಗ ನೆನಪು ಮಾತ್ರ. 2010ರಿಂದೀಚೆಗೆ ಬಿಯರನ್ನು ಅಲ್ಲಿಯೇ ತಯಾರಿಸಿ ಬಡಿಸುವ ಸಣ್ಣ ಬ್ರೂವರಿಗಳು ಬಂದ ಮೇಲೆ ಗುಂಪು ಇಂದಿರಾನಗರ, ಕೋರಮಂಗಲದ ಕಡೆಗೆ ಹೊರಳಿತು.

ಪಬ್ಬಿನ ಕಥೆಯನ್ನು ಬರಿಯ ಮೋಜಿನ ಕಥೆಯೆಂದು ಹೇಳಿ ಮುಗಿಸುವಂತಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕೂಲಿಕಾರನ ಪ್ಯಾಕೆಟ್ಟು ಕಾನೂನಿನ ಕಣ್ಣಿಗೆ ಅಪರಾಧವಾಯಿತು, ಸಂಬಳದಾರನ ಮಗ್ಗು ‘ಸಂಸ್ಕೃತಿ’ ಎನಿಸಿಕೊಂಡು ಉಳಿಯಿತು. ಸಾರಾಯಿಯಿಂದ ಮನೆ ಹಾಳಾದದ್ದನ್ನು ಕಂಡ ಹಳ್ಳಿಯ ಹೆಂಗಸರು ನಿಷೇಧಕ್ಕಾಗಿ ಹೋರಾಡಿದ್ದರು, ಅದು ಸುಳ್ಳಲ್ಲ. ಆದರೆ ಕುಡಿತದ ನೈತಿಕತೆಯನ್ನು ಕುಡಿಯುವವರ ಜೇಬು ನೋಡಿ ಅಳೆಯುವ ನಮ್ಮ ಅಭ್ಯಾಸವೂ ಅಷ್ಟೇ ನಿಜ. ಇನ್ನು ಹೆಣ್ಣುಮಕ್ಕಳು ನಿರ್ಭಯವಾಗಿ ಬರಬಹುದಾದ ಬೀದಿ ಎಂಬ ಹೆಗ್ಗಳಿಕೆಗೆ 2016ರ ಡಿಸೆಂಬರ್ 31ರ ರಾತ್ರಿ ಪೆಟ್ಟು ಬಿತ್ತು. ಹೊಸ ವರ್ಷದ ಜನಜಂಗುಳಿಯಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಮಹಿಳೆಯರಿಗೆ ಕಿರುಕುಳ ನೀಡಿದ ವರದಿಗಳು ದೇಶವನ್ನೇ ತಲೆತಗ್ಗಿಸುವಂತೆ ಮಾಡಿದವು. ಒಂದು ಬೀದಿಯ ನಾಗರಿಕತೆಯನ್ನು ಅಲ್ಲಿನ ದೀಪಾಲಂಕಾರದಿಂದ ಅಳೆಯಲಾಗದು, ಅಲ್ಲಿಂದ ಒಬ್ಬಳು ಹುಡುಗಿ ಮನೆಗೆ ಹೇಗೆ ತಲುಪಿದಳು ಎಂಬುದರಿಂದ ಅಳೆಯಬೇಕು.

ಬಾಡಿಗೆಯ ಕಾನೂನು

ಹಳೆಯ ಮಳಿಗೆಗಳು ಮುಚ್ಚಿದ್ದಕ್ಕೆ ಸಾಮಾನ್ಯವಾಗಿ ‘ಕಾಲ ಬದಲಾಯಿತು’ ಎನ್ನುತ್ತೇವೆ. ಕಾಲ ತಾನಾಗಿ ಬಾಗಿಲು ಹಾಕುವುದಿಲ್ಲ. ಅದಕ್ಕೆ ಕಾನೂನಿನ, ಹಣದ ಕೈಗಳು ಬೇಕು.

1961ರ ಬಾಡಿಗೆ ನಿಯಂತ್ರಣ ಕಾಯಿದೆಯಡಿ ಬಾಡಿಗೆದಾರರನ್ನು ಎಬ್ಬಿಸುವುದು ಸುಲಭವಿರಲಿಲ್ಲ, ಬಾಡಿಗೆಯನ್ನು ಮನಬಂದಂತೆ ಏರಿಸುವಂತೆಯೂ ಇರಲಿಲ್ಲ. ಕಡಿಮೆ ಲಾಭದ ಪುಸ್ತಕದಂಗಡಿ, ಕಾಫಿ ಹೌಸುಗಳು ನಗರದ ಅತಿ ದುಬಾರಿ ಜಾಗದಲ್ಲಿ ದಶಕಗಟ್ಟಲೆ ಉಳಿಯಲು ಇಂಥ ರಕ್ಷಣೆ ಆಸರೆಯಾಗಿತ್ತು. ಮನೆ ಮಾಲೀಕರ ದೃಷ್ಟಿಯಿಂದ ನೋಡಿದರೆ ಇದು ಅನ್ಯಾಯವೇ. ಆಸ್ತಿಯ ಬೆಲೆ ಕೋಟಿ ಮುಟ್ಟಿದರೂ ಕೈಗೆ ಬರುವ ಬಾಡಿಗೆ ಕಟ್ಟಡದ ಸುಣ್ಣಬಣ್ಣಕ್ಕೂ ಸಾಲದು. 1999ರ ಹೊಸ ಬಾಡಿಗೆ ಕಾಯಿದೆ 2001ರ ಕೊನೆಗೆ ಜಾರಿಗೆ ಬಂತು. 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳು ಅದರ ರಕ್ಷಣೆಯಿಂದ ಹೊರಗುಳಿದವು. 14 ಚದರ ಮೀಟರ್ ಎಂದರೆ ಒಂದು ಸಾಧಾರಣ ಕೋಣೆ. ಪೆಟ್ಟಿಗೆ ಅಂಗಡಿಗೆ ರಕ್ಷಣೆ ಸಿಕ್ಕಿತು, ಕಾಫಿ ಹೌಸಿಗೆ ಸಿಗಲಿಲ್ಲ.

ಅದೇ ದಶಕದಲ್ಲಿ ಬೇರೆ ಒತ್ತಡಗಳೂ ಕೂಡಿದವು. 2004ರಲ್ಲಿ ಕೋರಮಂಗಲದ ಫೋರಂ, 2005ರಲ್ಲಿ ಬ್ರಿಗೇಡ್ ರಸ್ತೆಗೆ ಸಮೀಪದಲ್ಲೇ ಗರುಡಾ ಮಾಲ್ ತೆರೆದವು. ಒಂದೇ ಸೂರಿನಡಿ ಅಂಗಡಿ, ಸಿನಿಮಾ, ಊಟ, ವಾಹನ ನಿಲುಗಡೆ ಎಲ್ಲ ಸಿಕ್ಕಿದ ಮೇಲೆ ಬೀದಿಯಲ್ಲಿ ಬೆವರುವವರು ಯಾರು? ಮೆಟ್ರೊ ಕಾಮಗಾರಿ ಆರಂಭವಾಗಿ ಎಂ.ಜಿ. ರಸ್ತೆ ವರ್ಷಗಟ್ಟಲೆ ಅಗೆತಕ್ಕೆ ಒಳಗಾಯಿತು. ಮರಗಳ ಸಾಲಿನ ಹಾದಿ ಹೋಯಿತು. 1936ರ ಪ್ಲಾಜಾ ಚಿತ್ರಮಂದಿರದ ಜಾಗ ಮೆಟ್ರೊ ನಿಲ್ದಾಣದ ಪಾಲಾಯಿತು. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೊ ಬೈಯಪ್ಪನಹಳ್ಳಿಯಿಂದ ಇಲ್ಲಿಗೆ ಓಡಿತು.

2009 ಒಂದು ರೀತಿಯಲ್ಲಿ ಸರದಿಯ ವರ್ಷ. ಏಪ್ರಿಲ್‌ನಲ್ಲಿ ಎಂ.ಜಿ. ರಸ್ತೆಯ ಕಾಫಿ ಹೌಸ್ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಅದೇ ವರ್ಷ ಪ್ರೀಮಿಯರ್ ಪುಸ್ತಕದಂಗಡಿಯೂ ಮುಚ್ಚಿತು. ನೀಲಗಿರೀಸ್ ಕುಟುಂಬದ ಹಿಡಿತದಿಂದ ಹೂಡಿಕೆದಾರರ ಕೈಗೆ ಹೋಗಿ, 2014ರಲ್ಲಿ ಫ್ಯೂಚರ್ ಸಮೂಹಕ್ಕೆ ಸೇರಿತು. ರೆಕ್ಸ್ ಚಿತ್ರಮಂದಿರ 2018ರ ಕೊನೆಗೆ ತೆರೆ ಎಳೆಯಿತು. ಶಾನಭಾಗರು 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡಾಗ, ಅಂಗಡಿ ಮುಚ್ಚಿ ಹನ್ನೆರಡು ವರ್ಷವಾಗಿದ್ದರೂ ಊರಿನ ಓದುಗರು ಮನೆಯ ಹಿರಿಯರೊಬ್ಬರು ಹೋದಂತೆ ದುಃಖಪಟ್ಟರು.

ಬೀದಿ ಯಾರದು?

ದಂಡಿನ ಬೀದಿಗೂ ಕನ್ನಡಕ್ಕೂ ಇದ್ದ ದೂರ ಒಂದು ಹಳೆಯ ಕೊರಗು. ಗಿರಾಕಿ ಕನ್ನಡದಲ್ಲಿ ಕೇಳಿದರೆ ಅಂಗಡಿಯವರು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಉತ್ತರಿಸುತ್ತಿದ್ದ ಕಾಲವಿತ್ತು. 1982ರ ಗೋಕಾಕ್ ಚಳವಳಿಯ ನಂತರ ಕನ್ನಡಿಗರ ದನಿ ಗಟ್ಟಿಯಾಯಿತು. ಇಂಗ್ಲಿಷ್ ಚಿತ್ರಗಳ ಸಿಂಫನಿ ಚಿತ್ರಮಂದಿರಕ್ಕೆ 1990ರಲ್ಲಿ ಅಕಾಲ ಮರಣಕ್ಕೀಡಾದ ಶಂಕರ್ ನಾಗ್ ಅವರ ಹೆಸರು ಬಂತು. 2023ರ ಡಿಸೆಂಬರ್ 27ರಂದು ನಾಮಫಲಕಗಳಲ್ಲಿ ಕನ್ನಡಕ್ಕಾಗಿ ನಡೆದ ಪ್ರತಿಭಟನೆಯ ಕಾವು ನಗರದ ಈ ಭಾಗಕ್ಕೂ ತಟ್ಟಿತು. 2024ರಲ್ಲಿ ಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ಕಾನೂನು ಬಂತು.

ಫಲಕಕ್ಕಿಂತ ಆಳವಾದ ಬದಲಾವಣೆ ಸದ್ದಿಲ್ಲದೆ ನಡೆದದ್ದು ಪುಸ್ತಕದ ಅಂಗಡಿಗಳಲ್ಲಿ. ಹಳ್ಳಿಯ ಕೃಷಿಕ ಕುಟುಂಬದಿಂದ ಬಂದು ಎಂಜಿನಿಯರಿಂಗ್ ಓದಿದ ಮಾಯಿ ಗೌಡ ಪಾದಚಾರಿ ಮಾರ್ಗದಲ್ಲಿ ಹಳೆಯ ಪುಸ್ತಕ ಮಾರಿದವರು. ಅವರು ಚರ್ಚ್ ಸ್ಟ್ರೀಟಿನಲ್ಲಿ ಕಟ್ಟಿದ ‘ಬ್ಲಾಸಮ್’ ಇಂದು ದೇಶದ ಹೆಸರಾಂತ ಹಳೆಯ ಪುಸ್ತಕ ಮಳಿಗೆಗಳಲ್ಲೊಂದು. ಅದೇ ರೀತಿ ಬೀದಿಬದಿಯಿಂದ ಮೇಲೆ ಬಂದ ಕೃಷ್ಣ ಗೌಡರ ‘ಬುಕ್‌ವರ್ಮ್’ ಶೃಂಗಾರ್ ಸಂಕೀರ್ಣದಿಂದ ಹೊರಟು ಚರ್ಚ್ ಸ್ಟ್ರೀಟಿಗೆ ಬಂತು. ಒಂದು ಕಾಲಕ್ಕೆ ಸಾಹೇಬರಿಗಾಗಿ ಇಂಗ್ಲಿಷ್ ಪುಸ್ತಕ ತರಿಸುತ್ತಿದ್ದ ಬೀದಿಯಲ್ಲಿ ಈಗ ಕರ್ನಾಟಕದ ಹಳ್ಳಿಗಳಿಂದ ಬಂದವರು ಲೋಕದ ಪುಸ್ತಕಗಳನ್ನು ಮಾರುತ್ತಿದ್ದಾರೆ. ಹೊಸ ಮನೆತನಗಳು ಹುಟ್ಟುವುದೂ ಹೀಗೆಯೇ. ಕೂನೂರಿನ ಟಪಾಲಿನವರೂ ಒಂದು ಕಾಲಕ್ಕೆ ಬೀದಿಯಲ್ಲೇ ನಡೆದಿದ್ದರು.

ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಕಲ್ಲು ಹಾಸಿ ಅಗಲವಾದ ಪಾದಚಾರಿ ಮಾರ್ಗ ಕಟ್ಟಲಾಯಿತು. ಬ್ರಿಗೇಡ್ ರಸ್ತೆಯ ತುದಿಯ ಹಳೆಯ ಆಪೆರಾ ಹೌಸ್ ಕಟ್ಟಡವನ್ನು ಅದೇ ವರ್ಷ ಮೊಬೈಲ್ ಕಂಪನಿಯೊಂದು ದುರಸ್ತಿ ಮಾಡಿಸಿ ಮಳಿಗೆ ತೆರೆಯಿತು. ಕಟ್ಟಡ ಉಳಿಯಿತು, ನಾಟಕ ಹೋಯಿತು. ಅದರ ಎದುರಿಗೆ, ಮೊದಲ ಮಹಾಯುದ್ಧದಲ್ಲಿ ಮಡಿದ ಮದರಾಸು ಪಯೊನಿಯರ್ ಪಡೆಯ ಸೈನಿಕರ ನೆನಪಿನ ಕಲ್ಲುಕಂಬ ವಾಹನಗಳ ಹೊಗೆಯ ನಡುವೆ ನಿಂತಿದೆ. ದಿನಾ ಸಾವಿರಾರು ಮಂದಿ ಅದನ್ನು ಬಳಸಿ ಹೋಗುತ್ತಾರೆ.

ಪರಂಪರೆಯನ್ನು ಕಾಪಾಡುವುದೆಂದರೆ ನಮ್ಮಲ್ಲಿ ಕಂಬ, ಕಮಾನುಗಳನ್ನು ಕಾಪಾಡುವುದೆಂದೇ ಅರ್ಥ. ಅಂಗಡಿಗೆ ಅಂಥ ಭಾಗ್ಯವಿಲ್ಲ. ಲಂಡನ್, ಸ್ಯಾನ್ ಫ್ರಾನ್ಸಿಸ್ಕೊ, ಬಾರ್ಸಿಲೋನಾದಂಥ ನಗರಗಳು ಹಳೆಯ ಪಬ್ಬು, ಅಂಗಡಿಗಳನ್ನು ಗುರುತಿಸಿ ಒಂದಲ್ಲ ಒಂದು ಬಗೆಯ ರಕ್ಷಣೆಯನ್ನೋ ನೆರವನ್ನೋ ನೀಡುವ ದಾರಿ ಹುಡುಕಿವೆ. ಮಾಲೀಕರಿಗೆ ನಷ್ಟವಾಗದಂತೆ, ಮಳಿಗೆಯೂ ಉಳಿಯುವಂತೆ ಮಾಡುವುದು ಸುಲಭವಲ್ಲ. ತೆರಿಗೆಯಲ್ಲಿ ಒಂದಿಷ್ಟು ವಿನಾಯಿತಿ, ದೀರ್ಘ ಗುತ್ತಿಗೆಗೆ ಒಂದಿಷ್ಟು ಪ್ರೋತ್ಸಾಹ ಇವು ಆಗದ ಮಾತೇನೂ ಅಲ್ಲ. ಬಾಗಿಲು ಹಾಕಿದ ದಿನ ಫೋಟೊ ತೆಗೆದುಕೊಳ್ಳಲು ಸೇರುವ ಜನಸಂದಣಿ, ಬಾಗಿಲು ತೆರೆದಿದ್ದಾಗ ತಿಂಗಳಿಗೊಮ್ಮೆ ಬಂದು ಒಂದು ಪುಸ್ತಕ ಕೊಂಡಿದ್ದರೂ ಕೆಲವು ಮಳಿಗೆಗಳ ಆಯಸ್ಸು ಇನ್ನಷ್ಟು ಹೆಚ್ಚುತ್ತಿತ್ತು.